ಕಾಲಾ ಕಿಲ್ಲಾಕ್ಕೆ ಒಂದು ಭಾನುವಾರ: ಧಾರಾವಿ ಪರಿಸರದ ಕನ್ನಡ ಸಂಘಗಳಿಗೆ ಬಹಿರಂಗ ಪತ್ರ



ಮಾಟುಂಗದಲ್ಲಿ 1926ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಶನ್, 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ ಮೊದಲಾದ ಹಿರಿಯ ಸಂಸ್ಥೆಗಳಿಂದ ಹಿಡಿದು ಒಂದೊಂದು ಚಾಳಿನವರು ಸೇರಿ ನಡೆಸುವ ಚಿಕ್ಕ ಮಂಡಳಿಗಳವರೆಗೆ, ಮುಂಬಯಿ ಕನ್ನಡಿಗರು ಕಟ್ಟಿಕೊಂಡಿರುವ ಸಾಂಘಿಕ ಬದುಕಿನಲ್ಲಿ ನಾಟಕ, ಯಕ್ಷಗಾನ, ರಾಜ್ಯೋತ್ಸವಗಳ ಜೊತೆಗೆ ಕುಟುಂಬ ಸಮೇತ ಹೊರಡುವ ವಿಹಾರಕೂಟಕ್ಕೂ ತನ್ನದೇ ಸ್ಥಾನವಿದೆ. ಆ ದಿನದ ಬಸ್ಸು ಹೆಚ್ಚಾಗಿ ಕರ್ಜತ್, ಲೋಣಾವಳಾ, ಅಲಿಬಾಗ್ ಕಡೆಗೆ ಹೋಗುತ್ತದೆ. ಕೋಟೆ ನೋಡುವ ಆಸಕ್ತಿಯುಳ್ಳವರು ವಸಾಯಿಗೋ ಮುರುಡ್ ಜಂಜೀರಾಕ್ಕೋ ಹೋಗಿ ಬರುತ್ತಾರೆ. ಬೇಸಗೆ ರಜೆಗೆ ಊರಿಗೆ ಹೋದವರು ಕಾಸರಗೋಡಿನ ಬೇಕಲ ಕೋಟೆಯನ್ನು, ಕುಮಟಾ ಸಮೀಪದ ಮಿರ್ಜಾನ್ ಕೋಟೆಯನ್ನು ಮಕ್ಕಳಿಗೆ ತೋರಿಸಿಕೊಂಡು ಬರುತ್ತಾರೆ. ಇವೆಲ್ಲ ಮಾಡಲೇಬೇಕಾದ ಪ್ರಯಾಣಗಳೇ ಸರಿ. ಆದರೆ ಧಾರಾವಿಯಲ್ಲೇ, ಬಸ್ ಡಿಪೋದ ಹಿಂಬದಿಯಲ್ಲಿ, ಮೀಠಿ ನದಿಯ ದಂಡೆಗೆ ಹತ್ತಿರದಲ್ಲಿ ಕಪ್ಪುಕಲ್ಲಿನ ಒಂದು ಕೋಟೆ ನಿಂತಿದ್ದು, ಅದರ ಹೆಸರನ್ನು ಬಸ್ ನಿಲ್ದಾಣದ ಹೆಸರಾಗಿ ನಿತ್ಯ ಹೇಳುವ ಸಾವಿರಾರು ಕುಟುಂಬಗಳು ಅದನ್ನು ಒಮ್ಮೆಯೂ ನೋಡಲೆಂದು ಹೋಗಿಲ್ಲವೆಂಬುದು ಈ ಪತ್ರ ಬರೆಯಲು ಕಾರಣವಾಗಿದೆ. ಮುಂದಿನ ವಿಹಾರಕೂಟವು ಈ ಕೋಟೆಯಿಂದಲೇ ಆರಂಭವಾಗಬೇಕು ಎಂಬುದು ಇಲ್ಲಿನ ಬಿನ್ನಹ.

ಜನರ ಬಾಯಲ್ಲಿ ಕಾಲಾ ಕಿಲ್ಲಾ ಎನಿಸಿಕೊಂಡಿರುವ ಈ ಕಟ್ಟಡಕ್ಕೆ ದಾಖಲೆಗಳಲ್ಲಿ ರೀವಾ ಕೋಟೆ ಎಂಬ ಹೆಸರಿದೆ. ಚಿತ್ರದುರ್ಗದಂತೆ ಏಳು ಸುತ್ತಿನ ಕೋಟೆಯನ್ನೋ ಬೇಕಲದಂತೆ ಸಮುದ್ರಕ್ಕೆ ಚಾಚಿಕೊಂಡ ವಿಶಾಲ ಕೊತ್ತಲಗಳನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇದು ಬಹಳ ಚಿಕ್ಕದೆನಿಸುವುದು ಸಹಜ. ಏಕೆಂದರೆ ಇದು ರಾಜನೊಬ್ಬನು ವಾಸಕ್ಕೆ ಕಟ್ಟಿಸಿದ ದುರ್ಗವಾಗಿರದೆ, ನೀರಿನ ಆಚೆ ದಡದಿಂದ ಯಾರು ದಾಟಿ ಬರುತ್ತಾರೆಂದು ಹಗಲಿರುಳು ಕಾಯುತ್ತಿದ್ದ ಕಾವಲು ಠಾಣೆಯಾಗಿತ್ತು. ಕೆತ್ತಿದ ಕಪ್ಪುಕಲ್ಲಿನ ದಪ್ಪ ಗೋಡೆ, ಕಲ್ಲುಗಳ ನಡುವೆ ಸುಣ್ಣದ ಗಾರೆ, ಸಂದುಗಳಲ್ಲಿ ಬೇರು ಬಿಟ್ಟಿರುವ ಗಿಡಗಳು, ಬುಡದಲ್ಲಿ ವರ್ಷಗಳಿಂದ ಬೀಳುತ್ತಿರುವ ಕಸ, ಸುತ್ತಲೂ ಒತ್ತಿಕೊಂಡಿರುವ ಮನೆಗಳು: ಹತ್ತಿರ ಹೋದವರಿಗೆ ಮೊದಲು ಕಾಣುವುದು ಇಷ್ಟು. ಸ್ವಲ್ಪ ಹೊತ್ತು ನಿಂತು ಗೋಡೆಯ ಮೇಲೆ ಕಣ್ಣಾಡಿಸಿದರೆ ಅದರಲ್ಲಿ ಕೂಡಿಸಿರುವ ಶಾಸನದ ಕಲ್ಲು ಕಾಣುತ್ತದೆ. ಬೊಂಬಾಯಿಯ ಅಧ್ಯಕ್ಷ ಹಾಗೂ ಗವರ್ನರ್ ಆಗಿದ್ದ ಜಾನ್ ಹಾರ್ನ್ ಅವರ ಆಜ್ಞೆಯಂತೆ 1737ರಲ್ಲಿ ಇದನ್ನು ಕಟ್ಟಲಾಯಿತು ಎಂಬ ತಿಳಿವಳಿಕೆ ಅದರ ಮೇಲೆ ಇಂಗ್ಲಿಷಿನಲ್ಲಿದೆ. ಶಾಲೆಗೆ ಹೋಗುವ ಮಗುವೊಂದು ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಕೂಡಿಸಿಕೊಂಡು ಓದಬಹುದಾದ ಶಾಸನವಿದು. ಹಳಗನ್ನಡ ಲಿಪಿಯ ಶಾಸನಗಳ ಮುಂದೆ ದೊಡ್ಡವರೂ ಅಸಹಾಯಕರಾಗಿ ನಿಲ್ಲುವುದನ್ನು ನೆನೆದರೆ ಈ ಅನುಕೂಲ ಸಣ್ಣದಲ್ಲ.

ಆ ಇಸವಿಗೆ ಎಷ್ಟು ಅರ್ಥವಿದೆಯೆಂಬುದು ಅಂದಿನ ಭೂಗೋಳವನ್ನು ಕಣ್ಣ ಮುಂದೆ ತಂದುಕೊಂಡಾಗ ತಿಳಿಯುತ್ತದೆ. ಇಂದು ಒಂದೇ ನೆಲವಾಗಿ ಕಾಣುವ ಮುಂಬಯಿಯು ಕೊಲಾಬಾ, ಚಿಕ್ಕ ಕೊಲಾಬಾ, ಬೊಂಬಾಯಿ, ಮಝಗಾಂವ್, ಪರೇಲ್, ವರ್ಲಿ, ಮಾಹಿಮ್ ಎಂಬ ಏಳು ದ್ವೀಪಗಳಾಗಿ ಚದುರಿತ್ತು. ಇವುಗಳ ಉತ್ತರಕ್ಕೆ ಒಂದು ಖಾಡಿ, ಎಂದರೆ ಉಬ್ಬರದ ಸಮಯದಲ್ಲಿ ಕಡಲಿನ ನೀರು ಒಳನುಗ್ಗುವ ಅಳಿವೆ. ಅದರಾಚೆಗೆ ಇಂದಿನ ಬಾಂದ್ರಾ, ಕುರ್ಲಾ, ಅಂಧೇರಿಗಳಿಂದ ಠಾಣೆಯವರೆಗೆ ಹರಡಿದ ಸಾಷ್ಟಿ ಎಂಬ ದೊಡ್ಡ ದ್ವೀಪ. ಗುಜರಾತಿನ ಸುಲ್ತಾನ ಬಹಾದುರ್ ಶಾಹನಿಂದ 1534ರಲ್ಲಿ ಈ ಪ್ರದೇಶವನ್ನೆಲ್ಲ ಪಡೆದ ಪೋರ್ಚುಗೀಸರು, 1661ರ ವಿವಾಹ ಒಪ್ಪಂದದ ಮೂಲಕ ತಮ್ಮ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಬೊಂಬಾಯಿಯನ್ನು ಕೊಟ್ಟರಾದರೂ ಸಾಷ್ಟಿಯನ್ನು ಕೈಬಿಡಲಿಲ್ಲ. ದೊರೆ 1668ರಲ್ಲಿ ವರ್ಷಕ್ಕೆ ಹತ್ತು ಪೌಂಡು ಬಾಡಿಗೆಯ ಮೇಲೆ ಆ ದ್ವೀಪವನ್ನು ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದ ಮೇಲೆ, ಒಂದು ಖಾಡಿಯ ಎರಡು ದಡಗಳಲ್ಲಿ ಎರಡು ಯುರೋಪಿಯನ್ ಶಕ್ತಿಗಳು ಪರಸ್ಪರ ನಂಬಿಕೆಯಿಲ್ಲದೆ ಎದುರುಬದುರಾಗಿ ಕುಳಿತಂತಾಯಿತು. ಪೋರ್ಚುಗೀಸರು ಬಾಂದ್ರಾದ ಭೂಶಿರದಲ್ಲಿ 1640ರಷ್ಟು ಹಿಂದೆಯೇ ಕೋಟೆ ಕಟ್ಟಿಕೊಂಡಿದ್ದರು. ಇತ್ತ ಇಂಗ್ಲಿಷರು ಸಾಯನ್ ಗುಡ್ಡದ ತುದಿಯಲ್ಲಿ 1669ರಿಂದ 1677ರ ನಡುವಿನ ಅವಧಿಯಲ್ಲಿ ಕೋಟೆ ನಿಲ್ಲಿಸಿದರು, ಮಾಹಿಮ್ ಕೋಟೆಯನ್ನು 1684ರಲ್ಲಿ ಬಲಪಡಿಸಿದರು. ಹೀಗಿದ್ದೂ 1689ರಲ್ಲಿ ಜಂಜೀರಾದ ಸಿದ್ದಿ ಯಾಕೂತ್ ಖಾನನ ದಂಡು ದ್ವೀಪಕ್ಕೆ ಇಳಿದು ಶಿವಡಿ, ಮಝಗಾಂವ್, ಮಾಹಿಮ್‌ಗಳನ್ನು ಹಿಡಿದುಕೊಂಡು, ಕಂಪನಿಯ ಅಧಿಕಾರಿಗಳನ್ನು ಬೊಂಬಾಯಿ ಕೋಟೆಯೊಳಗೆ ಮುತ್ತಿಗೆಯಲ್ಲಿಟ್ಟಿತು. ಕಡಲಾಚೆಯಿಂದ ಬಂದವರ ಭಯಕ್ಕೆ ಕಾರಣವಿತ್ತೆಂದು ಇದರಿಂದ ತಿಳಿಯುತ್ತದೆ.

ಇನ್ನು 1737. ಪೇಶ್ವೆ ಮೊದಲನೆಯ ಬಾಜೀರಾಯನ ತಮ್ಮನಾದ ಚಿಮಾಜಿ ಅಪ್ಪನ ನೇತೃತ್ವದ ಮರಾಠಾ ಸೈನ್ಯವು ಠಾಣೆಯನ್ನು ವಶಪಡಿಸಿಕೊಂಡು ಸಾಷ್ಟಿಯನ್ನು ಆಕ್ರಮಿಸಿದ್ದು ಇದೇ ವರ್ಷದಲ್ಲಿ. ಮುಂದಿನ ಎರಡು ವರ್ಷಗಳಲ್ಲಿ, 1739ರ ಮೇ ತಿಂಗಳಲ್ಲಿ, ದೀರ್ಘ ಮುತ್ತಿಗೆಯ ನಂತರ ವಸಾಯಿಯೂ ಪೋರ್ಚುಗೀಸರ ಕೈತಪ್ಪಿತು. ಖಾಡಿಯಾಚೆಯ ನೆರೆಯವರು ಬದಲಾದ ವರ್ಷದಲ್ಲಿಯೇ ಕಂಪನಿಯು ಧಾರಾವಿಯ ದಂಡೆಯ ಮೇಲೆ ಕಲ್ಲು ಪೇರಿಸಿತು. ಬಾಂದ್ರಾದ ಕೋಟೆಯು ಮರಾಠರ ಕೈಗೆ ಸಿಕ್ಕರೆ ಅಲ್ಲಿಂದ ಮಾಹಿಮ್ ಮೇಲೆ ಗುಂಡು ಹಾರಿಸಬಹುದೆಂಬ ಅಂಜಿಕೆಯಿಂದ 1739ರಲ್ಲಿ ಅದನ್ನು ಭಾಗಶಃ ಒಡೆಯಿಸಿದ್ದೂ, ಕ್ಯಾಪ್ಟನ್ ಇಂಚ್‌ಬರ್ಡ್ ಎಂಬ ಅಧಿಕಾರಿಯನ್ನು ಚಿಮಾಜಿ ಅಪ್ಪನ ಬಳಿಗೆ ಸಂಧಾನಕ್ಕೆ ಕಳುಹಿಸಿದ್ದೂ, ಊರಿನ ವರ್ತಕರು ಹಣ ಕೂಡಿಸಿ ಬೊಂಬಾಯಿ ಪಟ್ಟಣದ ಗೋಡೆಯ ಹೊರಗೆ ಕಂದಕ ತೋಡಿಸಲು ನೆರವಾದದ್ದೂ ಇದೇ ಆತಂಕದ ಬೇರೆ ಬೇರೆ ರೂಪಗಳು. ಒಂದು ನಗರದ ಹೆದರಿಕೆಯ ಚರಿತ್ರೆಯನ್ನು ಹೇಳುವುದರಲ್ಲಿ, ದಕ್ಷಿಣ ಮುಂಬಯಿಯ ಅಲಂಕೃತ ಕಟ್ಟಡಗಳಿಗಿಂತ ಧಾರಾವಿಯ ಈ ಮಸುಕಾದ ಗೋಡೆ ಹೆಚ್ಚು ಸತ್ಯವಂತವಾಗಿದೆ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ರೀವಾ ಕೋಟೆಯನ್ನು ಕಟ್ಟಿಸಿದವನು 17ನೆಯ ಶತಮಾನದ ಗವರ್ನರ್ ಜೆರಾಲ್ಡ್ ಆಂಜಿಯರ್ ಎಂದು ಹೇಳುವ ಬರಹಗಳೂ ಪ್ರಚಾರದಲ್ಲಿವೆ. ಆಂಜಿಯರ್ ತೀರಿಕೊಂಡದ್ದು 1677ರಲ್ಲಿ. ಗೋಡೆಯ ಕಲ್ಲು ಹೇಳುವ ಇಸವಿ ಅದಕ್ಕಿಂತ ಅರವತ್ತು ವರ್ಷ ಈಚಿನದು, ಅದು ಹೆಸರಿಸುವ ಹಾರ್ನ್ ಅಧಿಕಾರದಲ್ಲಿದ್ದದ್ದು 1734ರಿಂದ 1739ರವರೆಗೆ. ಹಳೆಯ ಠಾಣೆಯೊಂದು ಅಲ್ಲಿ ಮೊದಲೇ ಇದ್ದಿರಬಹುದೆಂದು ಊಹಿಸಲು ಅವಕಾಶವಿದ್ದರೂ, ಎದುರಿಗಿರುವ ಶಾಸನವನ್ನು ಬಿಟ್ಟು ಕೇಳಿದ ಮಾತನ್ನು ನಂಬುವುದು ಇತಿಹಾಸದ ಕ್ರಮವಲ್ಲ. ಮಕ್ಕಳಿಗೆ ಎರಡೂ ಹೇಳಿಕೆಗಳನ್ನು ತಿಳಿಸಿ, ಯಾವುದಕ್ಕೆ ಯಾವ ಆಧಾರವಿದೆಯೆಂದು ಅವರಿಂದಲೇ ಹೇಳಿಸಿದರೆ, ಒಂದು ವರ್ಷದ ಇತಿಹಾಸ ಪಾಠಕ್ಕೆ ಸಮನಾದ ತಿಳಿವಳಿಕೆ ಆ ಅರ್ಧ ಗಂಟೆಯಲ್ಲಿ ದೊರೆಯುತ್ತದೆ.

ಕಾಲಾ ಕಿಲ್ಲಾವನ್ನು ನೋಡಿದವರಿಗೆ ಏಳುವ ಮೊದಲ ಪ್ರಶ್ನೆಯೆಂದರೆ ಕಡಲಿನ ಕೋಟೆಗೆ ಕಡಲೆಲ್ಲಿ ಎಂಬುದು. ಅದರ ಉತ್ತರವೇ ಧಾರಾವಿಯ ಕಥೆ. ಬೊಂಬಾಯಿಯ ಆರು ದೊಡ್ಡ ಕೋಳಿವಾಡಗಳಲ್ಲಿ, ಎಂದರೆ ಕೋಳಿ ಜನಾಂಗದ ಮೀನುಗಾರರ ಕೇರಿಗಳಲ್ಲಿ, ಧಾರಾವಿಯೂ ಒಂದೆಂದು 1909ರ ಗೆಝೆಟಿಯರ್ ಹೇಳುತ್ತದೆ. ಆ ಹೊತ್ತಿಗೆ ಇನ್ನೂ ಖಾಡಿಯ ಮೀನು ಇಲ್ಲಿನ ಜೀವನಾಧಾರವಾಗಿತ್ತು. ಆದರೆ ದ್ವೀಪಗಳನ್ನು ಜೋಡಿಸುವ ಕೆಲಸ ಒಂದು ಶತಮಾನಕ್ಕೂ ಮೊದಲೇ ಆರಂಭವಾಗಿತ್ತು. ಗವರ್ನರ್ ಜೊನಾಥನ್ ಡಂಕನ್ ಕಾಲದಲ್ಲಿ ಸಾಯನ್ ಮತ್ತು ಕುರ್ಲಾಗಳ ನಡುವೆ ಕಟ್ಟಿದ ಒಡ್ಡುರಸ್ತೆ, 1845ರಲ್ಲಿ ಲೇಡಿ ಅವಾಬಾಯಿ ಜಮ್‌ಶೆಟ್‌ಜಿ ಜೀಜೀಭಾಯ್ ಅವರು 1,57,000 ರೂಪಾಯಿ ಕೊಟ್ಟು ಕಟ್ಟಿಸಿದ ಮಾಹಿಮ್ ಕಾಸ್‌ವೇ, ಆಮೇಲೆ ಬಂದ ರೈಲು ಹಳಿಗಳು ಖಾಡಿಯ ನೀರಿನ ಓಡಾಟವನ್ನು ಬಿಗಿಗೊಳಿಸಿದವು. ಊರಿನ ಹೊರಗಿರಬೇಕೆಂದು ತೀರ್ಮಾನವಾದ ಚರ್ಮ ಹದಗೊಳಿಸುವ ಕಸುಬು 1880ರ ದಶಕದಲ್ಲಿ ಇಲ್ಲಿಗೆ ಬಂತು. ತಮಿಳುನಾಡಿನ ಚರ್ಮ ಕುಶಲಿಗಳು, ಸೌರಾಷ್ಟ್ರದ ಕುಂಬಾರರು, ಉತ್ತರ ಪ್ರದೇಶದ ಜರಿ ಕೆಲಸದವರು, ಅವರೊಂದಿಗೆ ಕಲಬುರಗಿ, ರಾಯಚೂರು, ವಿಜಯಪುರ ಸೀಮೆಗಳಿಂದ ಬರಗಾಲದ ಹೊಡೆತಕ್ಕೆ ಗುಳೆ ಹೊರಟ ಕನ್ನಡ ಕೂಲಿಕಾರರು ಒಬ್ಬರ ಹಿಂದೆ ಒಬ್ಬರು ಬಂದರು. ಕಾಂಡ್ಲಾ ಗಿಡಗಳು ಬೆಳೆಯುವ ಉಪ್ಪುನೀರಿನ ಕೆಸರಿಗೆ ಮಣ್ಣು, ಇಟ್ಟಿಗೆ ಚೂರು, ನಗರದ ಕಸ ತುಂಬಿ, ಅದು ಗಟ್ಟಿಯಾದಂತೆ ಅದರ ಮೇಲೆ ಗುಡಿಸಲು ಹಾಕಿ, ನಗರವು ಲೆಕ್ಕಕ್ಕಿಟ್ಟುಕೊಂಡಿರದ ನೆಲವನ್ನು ಅವರು ತಮ್ಮ ಕೈಯಾರೆ ಉಂಟುಮಾಡಿದರು. ಕೋಟೆಯು ನಿಂತಲ್ಲಿಯೇ ನಿಂತಿತು. ನೀರು ಹಿಂದೆ ಸರಿಯಿತು. ಆದ್ದರಿಂದ ಈ ಕೋಟೆಯ ಬುಡದಲ್ಲಿ ನಿಲ್ಲುವ ಕನ್ನಡ ಮಗುವಿಗೆ ಹಾರ್ನ್‌ನ ಹೆಸರನ್ನು ಮಾತ್ರ ಹೇಳಿ ಸುಮ್ಮನಾದರೆ ಕಥೆಯ ಅರ್ಧ ಭಾಗ ಉಳಿದುಹೋಗುತ್ತದೆ. ಆ ಮಗು ನಿಂತಿರುವ ನೆಲವನ್ನು ತುಂಬಿದವರಲ್ಲಿ ಅದರ ಅಜ್ಜ ಅಜ್ಜಿಯರೂ ಇದ್ದಿರಬಹುದು.

ತುಳುನಾಡಿನ ಮೂಲದ ಕುಟುಂಬಗಳಿಗೆ ಇಂಥ ಕಾವಲು ಕಟ್ಟಡ ಅಪರಿಚಿತವೇನಲ್ಲ. ಮಂಗಳೂರಿನ ಬೋಳೂರಿನಲ್ಲಿ ಗುರುಪುರ ನದಿಯ ದಡದಲ್ಲಿರುವ ಸುಲ್ತಾನ್ ಬತ್ತೇರಿಯನ್ನು ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ್ದು ನದಿಯ ಮೂಲಕ ಶತ್ರುಗಳ ಹಡಗು ಒಳಗೆ ಬಾರದಂತೆ ಕಾಯುವುದಕ್ಕಾಗಿ. ಅದೂ ಕಪ್ಪುಕಲ್ಲಿನದು, ಅದೂ ಚಿಕ್ಕದು, ಗೋಡೆಯ ಸುತ್ತ ಫಿರಂಗಿಗಳಿಗಾಗಿ ಬಿಟ್ಟ ಕಿಂಡಿಗಳಿವೆ. ಅಲ್ಲಿ ಮೆಟ್ಟಿಲು ಹತ್ತಿ ಮೇಲೆ ನಿಂತವರಿಗೆ ಇಂದಿಗೂ ನದಿ ಕಾಣುತ್ತದೆ, ದೋಣಿಯಲ್ಲಿ ದಾಟಿದರೆ ತಣ್ಣೀರುಬಾವಿಯ ಕಡಲತೀರ ಸಿಗುತ್ತದೆ, ಸಂಜೆ ಕುಟುಂಬಗಳು ಬಂದು ಕುಳಿತುಕೊಳ್ಳುತ್ತವೆ. ಎರಡೂ ಒಂದೇ ಶತಮಾನದ, ಒಂದೇ ಉದ್ದೇಶದ ಕಟ್ಟಡಗಳಾಗಿದ್ದು ಒಂದಕ್ಕೆ ದೊರೆತ ಆದರ ಇನ್ನೊಂದಕ್ಕೆ ದೊರೆಯದಿರುವುದಕ್ಕೆ ಕಲ್ಲಿನ ಗುಣ ಕಾರಣವಲ್ಲ. ನೋಡಲು ಹೋಗುವವರು ಇದ್ದಲ್ಲಿ ಕಸ ಎಸೆಯಲು ಜನರು ಹಿಂಜರಿಯುತ್ತಾರೆ, ಅಧಿಕಾರಿಗಳೂ ಆಗಾಗ ತಿರುಗಿ ನೋಡುತ್ತಾರೆ.

ದಿನದ ಏರ್ಪಾಡು ಕಷ್ಟದ್ದಲ್ಲ. ಬೆಳಿಗ್ಗೆ ಬಿಸಿಲೇರುವ ಮೊದಲೇ ಕಾಲಾ ಕಿಲ್ಲಾದ ಬಳಿ ಸೇರಿ, ಗೋಡೆಯನ್ನು ಹೊರಗಿನಿಂದ ಸುತ್ತಿ, ಶಾಸನವನ್ನು ಓದುವುದು ಒಳ್ಳೆಯದು. ಗೋಡೆ ಹತ್ತಿ ಒಳಗಿಳಿಯುವ ಸಾಹಸಕ್ಕೆ ಯಾರನ್ನೂ ಬಿಡಬಾರದು. ಸಡಿಲಗೊಂಡ ಕಲ್ಲುಗಳಿರುವ ಹಳೆಯ ಗೋಡೆ ಮಕ್ಕಳ ಆಟದ ಜಾಗವಲ್ಲ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಮೀಠಿಯ ದಂಡೆಯ ಮೇಲೆಯೇ, ಮಹಾರಾಷ್ಟ್ರ ನಿಸರ್ಗ ಉದ್ಯಾನವಿದೆ. ಸುಮಾರು 37 ಎಕರೆಯ ಈ ಕಾಡು ಒಂದು ಕಾಲದಲ್ಲಿ ನಗರದ ಕಸ ಸುರಿಯುವ ಗುಡ್ಡೆಯಾಗಿತ್ತು. ಗಿಡ ನೆಡುವ ಕೆಲಸ 1980ರ ದಶಕದಲ್ಲಿ ನಡೆದು, 1994ರಲ್ಲಿ ಅದು ಸಾರ್ವಜನಿಕರಿಗೆ ತೆರೆದುಕೊಂಡಿತು. ಉದ್ಯಾನದ ನದಿಯ ಬದಿಯಲ್ಲಿ ಕಾಂಡ್ಲಾ ಗಿಡಗಳನ್ನೂ ಕೆಸರಿನಲ್ಲಿ ಮೇಯುವ ಕೊಕ್ಕರೆಗಳನ್ನೂ ತೋರಿಸಿ, ಕೋಟೆಯ ಮುಂದೆ ಹಿಂದೆ ಇದ್ದ ನೆಲ ಹೀಗೆಯೇ ಇತ್ತೆಂದು ಹೇಳಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿಯ ನೀರಿನಿಂದ ಹುಟ್ಟಿ, ಸುಮಾರು 18 ಕಿಲೋಮೀಟರು ಹರಿದು ಮಾಹಿಮ್ ಖಾಡಿಯನ್ನು ಸೇರುವ ಮೀಠಿಯು 2005ರ ಜುಲೈ 26ರಂದು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದಾಗ, ಹೇಗೆ ಉಕ್ಕಿತೆಂಬುದನ್ನು ಆ ದಿನ ಕಂಡ ಹಿರಿಯರು ಅಲ್ಲಿಯೇ ನಿಂತು ಹೇಳಬಹುದು. ನದಿಯ ಜಾಗವನ್ನು ಎಷ್ಟು ಕಿರಿದುಗೊಳಿಸಲಾಗಿದೆಯೆಂಬುದನ್ನು ಕೋಟೆಯೂ ನದಿಯೂ ಕೂಡಿ ತೋರಿಸುವ ಇಂಥ ಸ್ಥಳ ನಗರದಲ್ಲಿ ಇನ್ನೊಂದಿಲ್ಲ.

ಮಧ್ಯಾಹ್ನದ ಬುತ್ತಿಯ ವಿಷಯದಲ್ಲಿ ಸಂಘಗಳಿಗೆ ಸಲಹೆ ಬೇಕಿಲ್ಲ. ಕಲಬುರಗಿಯ ಮನೆಯ ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಡುಪಿಯ ಮನೆಯ ಚಿತ್ರಾನ್ನ, ಮೊಸರನ್ನ ಒಂದೇ ಹಾಸಿನ ಮೇಲೆ ಬಿಚ್ಚಿಕೊಳ್ಳುವುದು ಈ ನಗರದ ಕನ್ನಡಿಗರಿಗೆ ಮಾತ್ರ ದೊರೆತ ಭಾಗ್ಯ. ಊಟಕ್ಕೆ ಸಾಯನ್ ಕೋಟೆಯ ಕಡೆಗೆ ಹೋಗಬಹುದು; ಅದರ ಗುಡ್ಡದ ಬುಡದಲ್ಲಿ ಜವಾಹರಲಾಲ್ ನೆಹರೂ ಉದ್ಯಾನವಿದ್ದು, ಹಿರಿಯರು ಕೆಳಗೆ ನೆರಳಿನಲ್ಲಿ ಕುಳಿತು, ಉಳಿದವರು ಮೆಟ್ಟಿಲು ಹತ್ತಲು ಅನುಕೂಲವಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮುಂಬಯಿ ವಲಯದ ಕಚೇರಿಯೂ ಇದೇ ಗುಡ್ಡದ ಬುಡದಲ್ಲಿದೆ. ಮೇಲಿನ ಮುರಿದ ಗೋಡೆಗಳ ಬಳಿ ನಿಂತರೆ ಪೂರ್ವಕ್ಕೆ ಠಾಣೆ ಖಾಡಿಯ ಕಡೆಯ ಬಯಲು, ಉತ್ತರಕ್ಕೆ ಹಳೆಯ ಸಾಷ್ಟಿ, ಪಶ್ಚಿಮಕ್ಕೆ ಧಾರಾವಿಯ ತಗಡಿನ ಮಾಡುಗಳು ಕಣ್ಣಿಗೆ ಬೀಳುತ್ತವೆ. ಒಂದು ಕಾವಲು ಠಾಣೆಗೆ ಇನ್ನೊಂದು ಏಕೆ ಬೇಕಾಯಿತು, ಗುಡ್ಡದ ಮೇಲಿನ ಕಣ್ಣಿಗೆ ಕಾಣದ ಖಾಡಿಯ ತಿರುವನ್ನು ತಗ್ಗಿನ ಕೋಟೆ ಹೇಗೆ ಕಾಯುತ್ತಿತ್ತು ಎಂಬುದನ್ನು ನಕಾಶೆಯಿಲ್ಲದೆಯೇ ಅಲ್ಲಿಂದ ಅರಿಯಬಹುದು. ಸಮಯ ಉಳಿದರೆ ಬಾಂದ್ರಾ ಕೋಟೆಗೆ ಹೋಗಿ ಸೂರ್ಯಾಸ್ತ ನೋಡಬಹುದು. ಅಲ್ಲಿ ಮಾತ್ರ ಬಂಡೆಗಳ ಮೇಲೆ ಇಳಿಯುವ ಮೊದಲು ಉಬ್ಬರವಿಳಿತದ ವೇಳೆಯನ್ನು ನೋಡಿಕೊಂಡಿರಬೇಕು. ಹೆಂಗಸರಿಗೆ, ಮಕ್ಕಳಿಗೆ ಶೌಚಾಲಯದ ಅನುಕೂಲ ಎಲ್ಲಿದೆಯೆಂದು ಮೊದಲೇ ವಿಚಾರಿಸಿಟ್ಟುಕೊಳ್ಳುವುದು, ಮಳೆಗಾಲವನ್ನು ಬಿಟ್ಟು ನವೆಂಬರಿನಿಂದ ಫೆಬ್ರವರಿಯೊಳಗಿನ ದಿನವನ್ನು ಆರಿಸುವುದು ಕ್ಷೇಮ.

ಮಾಹಿಮ್ ಕೋಟೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ದಶಕಗಳ ಕಾಲ ಆ ಕೋಟೆಯ ಒಳಗೆ ನೂರಾರು ಬಡ ಕುಟುಂಬಗಳು ಮನೆ ಮಾಡಿಕೊಂಡಿದ್ದವು; ಇತ್ತೀಚಿನ ವರ್ಷಗಳಲ್ಲಿ ಮಹಾನಗರಪಾಲಿಕೆಯು ಅವರಿಗೆ ಬೇರೆಡೆ ವಸತಿ ಕಲ್ಪಿಸಿ ಆವರಣವನ್ನು ತೆರವುಗೊಳಿಸಿತು. ಇಂಥ ಕೋಟೆಗಳ ಮಾತು ಬಂದಾಗಲೆಲ್ಲ ಒತ್ತುವರಿದಾರರೆಂಬ ಒಂದೇ ಪದದಲ್ಲಿ ಬಡವರನ್ನು ದೂರುವ ರೂಢಿಯಿದೆ. ಅದು ನ್ಯಾಯವಲ್ಲ. ತಲೆಯ ಮೇಲೆ ಸೂರಿಲ್ಲದವನು ಕೋಟೆಯ ಗೋಡೆಗೆ ಒರಗಿ ಮನೆ ಕಟ್ಟಿದ್ದಕ್ಕೆ ನಗರದ ವಸತಿ ನೀತಿಯೇ ಮೊದಲ ಕಾರಣ, ಮತ್ತು ಎಷ್ಟೋ ಕಡೆ ಆ ಮನೆಗಳವರೇ ಗೋಡೆ ಕುಸಿಯದಂತೆ ನೋಡಿಕೊಂಡಿರಬಹುದು. ಧಾರಾವಿಯಲ್ಲಿ ಹುಟ್ಟಿ ಬೆಳೆದವರು ಕಾಲಾ ಕಿಲ್ಲಾಕ್ಕೆ ಹೋಗುವಾಗ ಅಲ್ಲಿನ ನೆರೆಹೊರೆಯವರನ್ನು ಅಡ್ಡಿಯೆಂದು ತಿಳಿಯದೆ, ಅವರನ್ನೇ ಮೊದಲು ಮಾತನಾಡಿಸಬೇಕು. ಕೋಟೆಯ ಬಗ್ಗೆ ಅವರು ಕೇಳಿ ಉಳಿಸಿಕೊಂಡಿರುವ ಸುರಂಗದ, ಫಿರಂಗಿಯ ಕಥೆಗಳು ಇತಿಹಾಸವಲ್ಲದಿದ್ದರೂ ಬರೆದಿಟ್ಟುಕೊಳ್ಳಲು ಯೋಗ್ಯವಾದ ಜಾನಪದ.

ಧಾರಾವಿಯ ಪುನರಭಿವೃದ್ಧಿಯ ಕೆಲಸ ಆರಂಭವಾಗಿರುವ ಈ ವರ್ಷಗಳಲ್ಲಿ ವಿಳಂಬಕ್ಕೆ ಅವಕಾಶವಿಲ್ಲ. ಯಾವ ಗಲ್ಲಿ ಉಳಿಯುತ್ತದೆ, ಯಾವ ಕುಟುಂಬ ಎಲ್ಲಿಗೆ ಹೋಗುತ್ತದೆ ಎಂಬ ಚಿಂತೆಯಲ್ಲಿರುವ ಜನರಿಗೆ ಹಳೆಯ ಕೋಟೆಯ ಮಾತು ಹೊರೆಯೆನಿಸಬಹುದಾದರೂ, ನೆಲದ ನಕಾಶೆಯನ್ನೇ ಹೊಸದಾಗಿ ಬರೆಯುವ ಹೊತ್ತಿನಲ್ಲಿ ಆ ಕೋಟೆಯೊಂದಿಗೆ ತಮಗೆ ಸಂಬಂಧವಿದೆಯೆಂದು ಹೇಳುವವರು ಯಾರೂ ಇಲ್ಲದಿದ್ದರೆ ಅದು ಎತ್ತರದ ಕಟ್ಟಡಗಳ ನಡುವೆ ಮತ್ತೊಮ್ಮೆ ಕಣ್ಮರೆಯಾಗುತ್ತದೆ. ವರ್ಷಕ್ಕೊಮ್ಮೆ ನೂರು ಜನ ಕುಟುಂಬ ಸಮೇತ ಹೋಗಿ ನಿಲ್ಲುವ ಸ್ಥಳವನ್ನು ಅಳಿಸುವುದು ಅಥವಾ ಮರೆಮಾಡುವುದು ಅಷ್ಟು ಸುಲಭವಲ್ಲ.

ಆದ್ದರಿಂದ ಸಂಘಗಳ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ಈ ವಿಷಯವನ್ನು ದಯವಿಟ್ಟು ಚರ್ಚೆಗೆ ಎತ್ತಿಕೊಳ್ಳಬೇಕು. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳ ಶಿಕ್ಷಕರನ್ನೂ ಮಕ್ಕಳನ್ನೂ ಆ ದಿನ ಜೊತೆಗೆ ಕರೆದುಕೊಳ್ಳಬೇಕು. ಕೋಟೆಯ ಇತಿಹಾಸವನ್ನು ನಾಲ್ಕು ಪುಟಗಳ ಕಿರುಹೊತ್ತಿಗೆಯಾಗಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅಚ್ಚು ಹಾಕಿಸಿ, ನೆರೆಯ ತಮಿಳು, ಮರಾಠಿ ಮಂಡಳಿಗಳಿಗೂ ಆಮಂತ್ರಣ ಕಳುಹಿಸಬೇಕು. ಸುತ್ತಲಿನ ಕಸ ತೆಗೆಸಿ, ಒಂದು ಫಲಕ ಹಾಕಿ, ನಡೆದು ಬರುವ ದಾರಿಯನ್ನು ಸರಿಪಡಿಸಬೇಕೆಂದು ಕೋರುವ ಮನವಿಗೆ ಆ ದಿನ ಬಂದವರೆಲ್ಲರ ಸಹಿ ಪಡೆದು, ಪುರಾತತ್ವ ಇಲಾಖೆಗೂ ಮಹಾನಗರಪಾಲಿಕೆಯ ವಾರ್ಡ್ ಕಚೇರಿಗೂ ಪುನರಭಿವೃದ್ಧಿಯ ಅಧಿಕಾರಿಗಳಿಗೂ ತಲುಪಿಸಬೇಕು. ಬರುವ ಚಳಿಗಾಲದ ಒಂದು ಭಾನುವಾರವನ್ನು ಇದಕ್ಕಾಗಿ ಈಗಲೇ ಗೊತ್ತುಮಾಡಿ, ಸದಸ್ಯರಿಗೆ ಕಳುಹಿಸುವ ಸುತ್ತೋಲೆಯಲ್ಲಿ ವಿಹಾರಕೂಟದ ಸ್ಥಳ ಎಂಬಲ್ಲಿ ಕಾಲಾ ಕಿಲ್ಲಾ, ಧಾರಾವಿ ಎಂದು ಬರೆಯಬೇಕಾಗಿ ಎಲ್ಲ ಸಂಘಗಳಲ್ಲಿ ವಿನಂತಿ.